ಅಕ್ಷರ ಪರದೆಯ ಮೇಲೆ ಚೆನ್ನೆಮಣೆ

ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ತೋರಿಸಬಲ್ಲ ಕಂಪ್ಯೂಟರ್ ಟರ್ಮಿನಲ್‌ನಲ್ಲಿ ಹಳೆಯ ಮಣೆಯಾಟಗಳನ್ನು ಆಡುವ ರೂಢಿಗೆ ಅರ್ಧ ಶತಮಾನಕ್ಕೂ ಹೆಚ್ಚಿನ ಚರಿತ್ರೆಯಿದೆ. ಚಿತ್ರವಿಲ್ಲ, ಮೌಸ್ ಇಲ್ಲ. ಆಡುವವರು ಕೀಲಿಮಣೆಯಲ್ಲಿ ತಮ್ಮ ನಡೆಯನ್ನು ಒತ್ತುತ್ತಾರೆ, ಯಂತ್ರ ಮಣೆಯ ಹೊಸ ಸ್ಥಿತಿಯನ್ನು ಸಾಲು ಸಾಲಾಗಿ ಬರೆದು ತೋರಿಸುತ್ತದೆ. ಜಗತ್ತಿನಲ್ಲಿ ಹೀಗೆ ಹೆಚ್ಚು ಹೆಸರಾದದ್ದು ಚದುರಂಗ. ಆದರೆ ಈ ಪರದೆಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುವ ಆಟ ಮಲೆನಾಡು ಮತ್ತು ತುಳುನಾಡಿನ ಮನೆಗಳಲ್ಲಿದೆ: ಚೆನ್ನೆಮಣೆ. ಚದುರಂಗದ ಕುದುರೆಗೆ ಒಂದು ರೂಪ ಬೇಕು, ರೂಪವಿಲ್ಲದ ಕಡೆ ಅದಕ್ಕೊಂದು ಗುರುತಿನ ಅಕ್ಷರವನ್ನು ಕಟ್ಟಿಕೊಡಬೇಕು. ಚೆನ್ನೆಮಣೆಯ ಗುಳಿಯಲ್ಲಿ ಇರುವುದೇ ಒಂದು ಸಂಖ್ಯೆ. ಅದನ್ನು ಪರದೆಯ ಮೇಲೆ ಬರೆದರೆ ಮಣೆ ಅಲ್ಲಿಗೆ ಪೂರ್ತಿಯಾಯಿತು.

ಮಣೆ ಮತ್ತು ಕಾಳು

ಶೃಂಗೇರಿ ತಾಲ್ಲೂಕಿನ ಬೇಗಾರ್, ಅದರ ಸುತ್ತಲಿನ ಕೊಪ್ಪ, ನರಸಿಂಹರಾಜಪುರ ಸೀಮೆ, ಹತ್ತಿರದ ಆಗುಂಬೆ, ಘಟ್ಟದ ಕೆಳಗಿನ ತುಳುನಾಡು, ಕಾಸರಗೋಡು ಎಲ್ಲವೂ ಮಳೆಯ ನಾಡು. ಆಷಾಢದಲ್ಲಿ ತೋಟಕ್ಕೆ ಇಳಿಯಲಾಗದ ದಿನಗಳು ಬಂದಾಗ ಅಟ್ಟದಿಂದ ಮಣೆ ಕೆಳಗಿಳಿಯುತ್ತದೆ. ತುಳುನಾಡಿನಲ್ಲಿ ಅದು ಆಟಿ ತಿಂಗಳ ಆಟವೆಂದೇ ಹೆಸರುವಾಸಿ. ಮಣೆ ಸಾಮಾನ್ಯವಾಗಿ ಮರದ್ದು, ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಕಾಳಿಗೆ ಹುಣಸೆಬೀಜ, ಕವಡೆ, ಇಲ್ಲವೇ ಕೆಂಪಗೆ ಹೊಳೆಯುವ ಮಂಜೊಟ್ಟಿ. ಬಯಲುಸೀಮೆಯ ಕಡೆ ಇದೇ ಮಣೆಗೆ ಅಳಗುಳಿಮಣೆ ಎನ್ನುತ್ತಾರೆ, ತಮಿಳಿನಲ್ಲಿ ಪಲ್ಲಾಂಗುಳಿ, ತೆಲುಗಿನಲ್ಲಿ ವಾಮನಗುಂಟಲು. ಆಫ್ರಿಕದಿಂದ ಆಗ್ನೇಯ ಏಷ್ಯಾದವರೆಗೆ ಹರಡಿರುವ, ವಿದ್ವಾಂಸರು ಮಂಕಾಲ ಎಂದು ಕರೆಯುವ ಆಟಗಳ ದೊಡ್ಡ ಕುಟುಂಬಕ್ಕೆ ಇವೆಲ್ಲ ಸೇರಿದವು.

ಇದನ್ನು ಬರಿಯ ಹೊತ್ತು ಕಳೆಯುವ ಆಟವೆಂದು ಬದಿಗಿಡಲು ಬರುವುದಿಲ್ಲ. ತುಳುವಿನ ಹಾಡುಗತೆಯಾದ ಸಿರಿ ಪಾಡ್ದನದಲ್ಲಿ ಸೊನ್ನೆ ಎಂಬವಳ ಅವಳಿ ಹೆಣ್ಣುಮಕ್ಕಳಾದ ಅಬ್ಬಗ ಮತ್ತು ದಾರಗ ಚೆನ್ನೆ ಆಡಲು ಕೂರುತ್ತಾರೆ. ಆಟ ಜಗಳಕ್ಕೆ ತಿರುಗಿ ಒಬ್ಬಳು ಇನ್ನೊಬ್ಬಳನ್ನು ಅದೇ ಮಣೆಯಿಂದ ಹೊಡೆದು ಕೊಲ್ಲುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂಬ ತುಳುನಾಡಿನ ನಂಬಿಕೆಯ ಹಿಂದೆ ಈ ಕತೆಯಿದೆ. ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ಜೊತೆಗೂಡಿ ದಾಖಲಿಸಿ 1998ರಲ್ಲಿ ಪ್ರಕಟಿಸಿದರು, ಅದು 15,683 ಸಾಲುಗಳ ಮಹಾಕಾವ್ಯ. ಅಮೆರಿಕದ ಜಾನಪದ ವಿದ್ವಾಂಸ ಪೀಟರ್ ಕ್ಲಾಸ್ ಚೆನ್ನೆಯಾಟದ ಅರ್ಥಗಳನ್ನೇ ಕುರಿತು ಒಂದು ಪ್ರಬಂಧ ಬರೆದಿದ್ದಾರೆ. ಮಣೆ ಪರದೆಗೆ ಹೋಗುವಾಗ ಈ ಭಾರವನ್ನೂ ಹೊತ್ತು ಹೋಗುತ್ತದೆ.

ಪರದೆಯ ಚರಿತ್ರೆ

ಮೊದಮೊದಲಿನ ಟರ್ಮಿನಲ್‌ಗಳಿಗೆ ಪರದೆಯೇ ಇರಲಿಲ್ಲ. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಎಂಬ ಯಂತ್ರ ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ 10 ಅಕ್ಷರದ ವೇಗದಲ್ಲಿ ಟಕಟಕ ಬಡಿಯುತ್ತಿತ್ತು. ಪ್ರತಿ ನಡೆಯ ನಂತರ ಇಡೀ ಮಣೆಯನ್ನು ಮತ್ತೆ ಅಚ್ಚು ಹಾಕಬೇಕು. ಆಟ ಮುಗಿದಾಗ ಮೊದಲಿನಿಂದ ಕೊನೆಯವರೆಗಿನ ಪ್ರತಿ ಸ್ಥಿತಿಯೂ ಮೊಳಗಟ್ಟಲೆ ಕಾಗದದಲ್ಲಿ ಉಳಿದಿರುತ್ತಿತ್ತು. 1971ರ ನವೆಂಬರಿನಲ್ಲಿ ಬೆಲ್ ಲ್ಯಾಬ್ಸ್ ಹೊರತಂದ, ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಚದುರಂಗದ ಪ್ರೋಗ್ರಾಂ ಇದೆ. ಅದನ್ನು ಬರೆದ ಕೆನ್ ಥಾಮ್ಸನ್ ಮುಂದೆ ಜೋ ಕಾಂಡನ್ ಜೊತೆ ಬೆಲ್ ಎಂಬ ಚದುರಂಗದ ಯಂತ್ರವನ್ನೇ ಕಟ್ಟಿದರು. ಅದು 1980ರಲ್ಲಿ ಕಂಪ್ಯೂಟರ್ ಚದುರಂಗದ ವಿಶ್ವ ಚಾಂಪಿಯನ್ ಆಯಿತು.

1978ರಲ್ಲಿ ಡಿಜಿಟಲ್ ಕಂಪನಿಯ ವಿಟಿ100 ಬಂದ ಮೇಲೆ 80 ಅಕ್ಷರ ಅಗಲ, 24 ಸಾಲು ಎತ್ತರದ ಗಾಜಿನ ಪರದೆ ಒಂದು ಮಾದರಿಯಾಗಿ ನಿಂತಿತು. ಇಂಥ ಪರದೆಗಳ ದೊಡ್ಡ ಉಪಕಾರ ಕರ್ಸರನ್ನು ಬೇಕಾದ ಜಾಗಕ್ಕೆ ಕಳಿಸುವ ಸಂಕೇತಗಳು. ಇಡೀ ಮಣೆಯನ್ನು ಮತ್ತೆ ಬರೆಯದೆ ಬದಲಾದ ಮನೆಯನ್ನಷ್ಟೇ ಅಳಿಸಿ ತಿದ್ದಬಹುದಾಯಿತು. ಹೊತ್ತಿಗೆ ಸರಿಯಾಗಿ ಬರ್ಕ್ಲಿಯಲ್ಲಿ ಕೆನ್ ಆರ್ನಾಲ್ಡ್ ಈ ಕೆಲಸಕ್ಕಾಗಿ ಕರ್ಸಸ್ ಎಂಬ ಪ್ರೋಗ್ರಾಂ ಸಂಗ್ರಹವನ್ನು ಬರೆದರು. 1984ರಲ್ಲಿ ಸ್ಟುವರ್ಟ್ ಕ್ರೇಕ್ರಾಫ್ಟ್ ಶುರುಮಾಡಿದ ಗ್ನು ಚೆಸ್ ಇಂದಿಗೂ ಟರ್ಮಿನಲ್‌ನಲ್ಲಿ ಓಡುತ್ತದೆ. 1992ರಲ್ಲಿ ಅಮೆರಿಕದಲ್ಲಿ ಇಂಟರ್ನೆಟ್ ಚೆಸ್ ಸರ್ವರ್ ತೆರೆದಾಗ ಜನ ಟೆಲ್ನೆಟ್ ಮೂಲಕ ಒಳಹೊಕ್ಕು ಅಕ್ಷರದ ಮಣೆಯಲ್ಲೇ ಎದುರಾಳಿಗಳ ಜೊತೆ ಆಡಿದರು. ನಮ್ಮಲ್ಲಿ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಅಗ್ಗದ ದರದಲ್ಲಿ ಸಿಗುತ್ತಿದ್ದದ್ದು ಶೆಲ್ ಖಾತೆ, ಅಂದರೆ ಬರಿಯ ಅಕ್ಷರದ ಪರದೆ. ಅದರಲ್ಲಿ ಚಿತ್ರ ನೋಡಲು ಬರುತ್ತಿರಲಿಲ್ಲ, ಚದುರಂಗ ಆಡಲು ಮಾತ್ರ ಅಡ್ಡಿಯಿರಲಿಲ್ಲ.

ಮಂಕಾಲ ಕುಟುಂಬವೂ ಈ ಯಂತ್ರಗಳಿಗೆ ಹೊಸದಲ್ಲ. ವಿಲಿಯಂ ಚಾಂಪಿಯನ್ ಎಂಬವರು ಅಮೆರಿಕದಲ್ಲಿ ರೂಪಿಸಿದ ಕಲಹ್ ಎಂಬ ಆರು ಗುಳಿ ಸಾಲಿನ ಆಟವನ್ನು ಆಡುವ ಪ್ರೋಗ್ರಾಂ 1964ರ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ತಯಾರಾಗಿತ್ತು. ಯಂತ್ರಬುದ್ಧಿಯ ಸಂಶೋಧಕರು ಈ ಆಟವನ್ನು ಇಷ್ಟಪಟ್ಟದ್ದಕ್ಕೆ ಕಾರಣ ಸರಳ: ಹನ್ನೆರಡು ಗುಳಿ, ಗೆದ್ದ ಕಾಳು ಕೂಡಿಡುವ ಎರಡು ಕಣಜ, ಹದಿನಾಲ್ಕು ಸಂಖ್ಯೆಗಳಲ್ಲಿ ಇಡೀ ಆಟದ ಸ್ಥಿತಿ ಮುಗಿಯಿತು. ಡೇವಿಡ್ ಅಹ್ಲ್ ಸಂಪಾದಿಸಿದ, ಬೇಸಿಕ್ ಭಾಷೆಯ ಆಟಗಳ 1978ರ ಪುಸ್ತಕದಲ್ಲಿ ಅವಾರಿ ಎಂಬ ಆಟ ಇದೆ. ಮೂಲ ಪ್ರೋಗ್ರಾಂ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನ ಜೆಫ್ ವೈವಿಲ್ ಅವರದು. ಗುಳಿಗೆ ಮೂರು ಕಾಳು, ಮೇಲೊಂದು ಸಾಲು, ಕೆಳಗೊಂದು ಸಾಲು, ನಡುವೆ ಇಬ್ಬರ ಕಣಜ. ಆಡುವವರು 1ರಿಂದ 6ರವರೆಗಿನ ಒಂದು ಅಂಕಿ ಒತ್ತಿದರೆ ಸಾಕು. ಪಶ್ಚಿಮ ಆಫ್ರಿಕದ ಅವಾರಿ ಆಟವನ್ನು 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಜಾನ್ ರೊಮೈನ್ ಮತ್ತು ಹೆನ್ರಿ ಬಾಲ್ ಪೂರ್ತಿಯಾಗಿ ಬಿಡಿಸಿದರು. 88,900 ಕೋಟಿಗೂ ಮಿಕ್ಕ ಸ್ಥಿತಿಗಳನ್ನು ಲೆಕ್ಕ ಹಾಕಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಆಟ ಸಮನಾಗುತ್ತದೆಂದು ತೋರಿಸಿದರು.

ಒಂದು ಆಟ, ಹತ್ತಿರದಿಂದ

ಚೆನ್ನೆಮಣೆಯ ನಿಯಮ ಊರಿಗೊಂದು, ಕೆಲವೊಮ್ಮೆ ಮನೆಗೊಂದು. ಗುಳಿಗೆ ನಾಲ್ಕು ಕಾಳು ಹಾಕುವವರಿದ್ದಾರೆ, ಐದು ಹಾಕುವವರಿದ್ದಾರೆ. ಆಟದ ನಡುವೆ ಒಂದು ಗುಳಿಯಲ್ಲಿ ಸರಿಯಾಗಿ ನಾಲ್ಕು ಕಾಳು ಕೂಡಿದರೆ ಆ ಗುಳಿಯವರು ಅದನ್ನು ಎತ್ತಿಕೊಳ್ಳುವ ಪದ್ಧತಿ ಹಲವು ಕಡೆ ಇದೆ, ಪಲ್ಲಾಂಗುಳಿಯಲ್ಲಿ ಅದಕ್ಕೆ ಪಸು ಎಂದೇ ಹೆಸರು. ಇಲ್ಲಿ ಆ ನಿಯಮವನ್ನು ಬಿಟ್ಟು ಸರಳವಾದ ಒಂದು ಬಗೆಯನ್ನು ನೋಡೋಣ. ಒಂದು ಗುಳಿಯ ಕಾಳನ್ನೆಲ್ಲ ಎತ್ತಿ, ಬಲಕ್ಕೆ ಒಂದೊಂದು ಗುಳಿಗೆ ಒಂದೊಂದರಂತೆ ಹಾಕುತ್ತ ಸುತ್ತು ಬರಬೇಕು. ಕೈ ಖಾಲಿಯಾದಾಗ ಮುಂದಿನ ಗುಳಿಯ ಕಾಳನ್ನು ಎತ್ತಿ ಮುಂದುವರಿಯಬೇಕು. ಆ ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದು ಆಡಿದವರ ಪಾಲು, ಆಮೇಲೆ ಸರದಿ ಎದುರಿನವರಿಗೆ.

ಪರದೆಯ ಮೇಲೆ ಮಣೆ ಹೀಗೆ ಶುರುವಾಗುತ್ತದೆ:

೪ ೪ ೪ ೪ ೪ ೪ ೪
೪ ೪ ೪ ೪ ೪ ೪ ೪

ಕೆಳಗಿನ ಸಾಲು ನಮ್ಮದು, ಮೇಲಿನದು ಎದುರಿನವರದು. ನಮ್ಮ ಎಡತುದಿಯ ಗುಳಿಯನ್ನು ಎತ್ತೋಣ. ನಾಲ್ಕು ಕಾಳು ಮುಂದಿನ ನಾಲ್ಕು ಗುಳಿಗೆ ಹೋದವು. ಆರನೆಯದನ್ನು ಎತ್ತಿದರೆ ಕಾಳು ಬಲತುದಿ ದಾಟಿ ಮೇಲಿನ ಸಾಲಿಗೆ ಹತ್ತುತ್ತದೆ. ಅಲ್ಲಿಂದ ಇನ್ನೊಂದು ಗುಳಿ ಎತ್ತಿದಾಗ ಸುತ್ತಿ ಬಂದು ನಾವು ಶುರುಮಾಡಿದ ಬರಿಗುಳಿಗೇ ಒಂದು ಕಾಳು ಬೀಳುತ್ತದೆ. ಹೀಗೆ ಏಳು ಸಲ ಎತ್ತಿ, ಒಟ್ಟು 28 ಕಾಳು ಹಾಕಿ, ಕೊನೆಯದು ನಮ್ಮ ಬಲತುದಿಯ ಗುಳಿಗೆ ಬಿದ್ದಾಗ ಮುಂದಿನದು ಬರಿದು. ಅದರಾಚೆ ಆರು ಕಾಳು, ಅವು ನಮ್ಮವು. ಈಗ ಮಣೆ:

೦ ೬ ೬ ೧ ೬ ೦ ೦
೨ ೧ ೭ ೭ ೭ ೦ ೭

ಕೂಡಿ ನೋಡಿದರೆ ಮಣೆಯಲ್ಲಿ 50, ಕೈಯಲ್ಲಿ 6, ಒಟ್ಟು 56.

ಇದನ್ನು ಟರ್ಮಿನಲ್‌ನಲ್ಲಿ ಆಡುತ್ತ ಬಂದವರಿಗೆ ಒಂದು ಸಂಗತಿ ಬೇಗ ಹೊಳೆಯುತ್ತದೆ. ಮೊದಲ ನಡೆಗೆ ಎಡತುದಿಯ ಬದಲು ಮೂರನೆಯದನ್ನೋ ಐದನೆಯದನ್ನೋ ಎತ್ತಿದರೂ ಸಿಗುವುದು ಆರೇ ಕಾಳು. ಮಣೆ ಎರಡು ಸಾಲಾಗಿ ಕಂಡರೂ ಕಾಳಿನ ದಾರಿಗೆ ಅದು ಹದಿನಾಲ್ಕು ಗುಳಿಯ ಒಂದು ಬಳೆ. ಎಲ್ಲ ಗುಳಿಯಲ್ಲೂ ನಾಲ್ಕೇ ಇರುವಾಗ ಎಲ್ಲಿ ಶುರುಮಾಡಿದರೂ ಬಳೆ ತಿರುಗಿದಂತೆ ಅಷ್ಟೇ. ಪ್ರೋಗ್ರಾಂನಲ್ಲಿ ಒಂದೇ ಒಂದು ಅಂಕಿಯನ್ನು ನಾಲ್ಕರಿಂದ ಐದಕ್ಕೆ ಬದಲಿಸಿದರೆ ಮೊದಲ ನಡೆ ಐದೇ ಎತ್ತಿಗೆ ಮುಗಿದು ಏಳು ಕಾಳು ಕೊಡುತ್ತದೆ. ಮನೆಮನೆಯ ನಿಯಮದ ವ್ಯತ್ಯಾಸ ಆಟವನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಮರದ ಮಣೆಯ ಮುಂದೆ ಕೂತು ತಿಳಿಯಲು ಒಂದು ಮಳೆಗಾಲ ಬೇಕಾದೀತು, ಪರದೆಯ ಮುಂದೆ ಒಂದು ಸಂಜೆ ಸಾಕು.

ನಿಜವಾದ ಆಯ್ಕೆ ಎರಡನೆಯ ನಡೆಯಿಂದ. ಎದುರಿನವರಿಗೆ ಈಗ ಕಾಳಿರುವ ಗುಳಿಗಳು ನಾಲ್ಕು, ಅವರ ಎಡದಿಂದ, ಅಂದರೆ ನಮ್ಮ ಬಲದಿಂದ, ಎಣಿಸಿದರೆ ಮೂರು, ನಾಲ್ಕು, ಐದು, ಆರನೆಯವು. ನಾಲ್ಕನೆಯದರಲ್ಲಿ ಒಂದೇ ಕಾಳು, ಬಡಕಲಾಗಿ ಕಾಣುತ್ತದೆ. ಆದರೆ ಅದನ್ನು ಸರಿಸಿದರೆ ಎರಡನೆಯ ಎತ್ತಿನಲ್ಲೇ ನಮ್ಮ ಬಲತುದಿಯ ಏಳು ಕಾಳೂ ಅವರ ಪಾಲು. ಆರನೆಯದನ್ನು ಎತ್ತಿದರೂ ಅದೇ ಏಳು. ಪಳಗಿದ ಕಣ್ಣು ಈ ಎರಡನ್ನೂ ಕೂಡಲೇ ಕಾಣುತ್ತದೆ. ಮೂರನೆಯದು ಉದ್ದಕ್ಕೆ ಓಡಿ ಬರಿಯ ನಾಲ್ಕು ಕಾಳಿಗೆ ನಿಲ್ಲುತ್ತದೆ. ಐದನೆಯದು ಹತ್ತು ಸಲ ಎತ್ತಿಸಿ, 43 ಕಾಳು ಹಾಕಿಸಿ, ಮಣೆಯನ್ನು ಮೂರು ಸುತ್ತಿಗೂ ಮೀರಿ ಹಾಯ್ದು ಒಂಬತ್ತು ಕಾಳು ಗಳಿಸಿ ಕೊಡುತ್ತದೆ. ಅಷ್ಟು ದೂರವನ್ನು ಮನಸ್ಸಿನಲ್ಲೇ ಹಿಡಿಯುವುದು ಬಹಳ ಕಷ್ಟ. ಯಂತ್ರಕ್ಕೆ ಇದು ರೆಪ್ಪೆ ಬಡಿಯುವಷ್ಟೂ ಹೊತ್ತಿನ ಕೆಲಸವಲ್ಲ. ನಾಲ್ಕೂ ಗುಳಿಗಳನ್ನು ಆಡಿ ನೋಡಿ ಹೆಚ್ಚು ಬರುವುದನ್ನು ಆರಿಸಿಕೋ ಎಂದು ಹೇಳಿಕೊಟ್ಟರೆ ಅದು ತಪ್ಪದೆ ಐದನೆಯದನ್ನೇ ಎತ್ತುತ್ತದೆ. ಚದುರಂಗವನ್ನು ಯಂತ್ರಕ್ಕೆ ಕಲಿಸಲು ನೂರಾರು ಸಾಲು ಬರೆಯಬೇಕು, ಚೆನ್ನೆಮಣೆಯನ್ನು ಕಲಿಸಲು ಒಂದು ಪುಟ ಸಾಕು. ಪ್ರೋಗ್ರಾಂ ಬರೆಯಲು ಕಲಿಯುವ ನಮ್ಮ ಮಕ್ಕಳಿಗೆ ಮೊದಲ ಆಟವಾಗಿ ಇದನ್ನೇ ಕೊಡಬೇಕೆಂಬುದು ಈ ಲೇಖಕನ ಗಟ್ಟಿಯಾದ ಅಭಿಪ್ರಾಯ. ಬಳೆಯಂತೆ ಸುತ್ತುವ ಪಟ್ಟಿ, ಹದಿನಾಲ್ಕರಿಂದ ಭಾಗಿಸಿ ಉಳಿದ ಶೇಷ, ಕೈ ಖಾಲಿಯಾಗುವವರೆಗೆ ಮರುಕಳಿಸುವ ಆವರ್ತನೆ, ಪಾಠಕ್ಕೆ ಬೇಕಾದದ್ದೆಲ್ಲ ಅಜ್ಜಿಯ ಮಣೆಯಲ್ಲೇ ಇದೆ.

ಕನ್ನಡ ಮತ್ತು ಟರ್ಮಿನಲ್

ಟರ್ಮಿನಲ್‌ನ ಪರದೆ ಒಂದೇ ಅಳತೆಯ ಚೌಕಗಳ ಜಾಲ, ಚೌಕಕ್ಕೊಂದು ಅಕ್ಷರ. ಇಂಗ್ಲಿಷಿಗೆ ಅದು ಹೊಂದಿತು. ಕನ್ನಡದ 'ಸ್ತ್ರೀ' ಎಂಬ ಒಂದಕ್ಷರದಲ್ಲಿ ಯುನಿಕೋಡ್ ಎಣಿಕೆಯಂತೆ ಆರು ಸಂಕೇತಗಳಿವೆ, ಒತ್ತುಗಳು ಕೆಳಗಿಳಿಯುತ್ತವೆ, ದೀರ್ಘ ಬಲಕ್ಕೆ ಚಾಚುತ್ತದೆ. 1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಭಾರತೀಯ ಲಿಪಿಗಳನ್ನು ಅಕ್ಷರ ಪರದೆಗೆ ತಂದಿತು, 1991ರಲ್ಲಿ ಇಸ್ಕಿ ಸಂಕೇತ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತು. ಆದರೂ ಇಂದಿನ ಎಷ್ಟೋ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಬೀಳುತ್ತದೆ, ಸಾಲು ಓರೆಯಾಗುತ್ತದೆ.

ಚದುರಂಗಕ್ಕೆ ಇನ್ನೊಂದು ತೊಡಕಿದೆ. ಟರ್ಮಿನಲ್ ಚದುರಂಗದಲ್ಲಿ ಬಿಳಿಯ ಕಾಯಿಗೆ ಇಂಗ್ಲಿಷಿನ ದೊಡ್ಡಕ್ಷರ, ಕರಿಯ ಕಾಯಿಗೆ ಸಣ್ಣಕ್ಷರ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರವೆಂಬ ಭೇದವೇ ಇಲ್ಲ. ರಾಜನಿಗೆ ರಾ, ಆನೆಗೆ ಆ, ಕುದುರೆಗೆ ಕು ಎಂದು ಬರೆದರೂ ಯಾರ ಕುದುರೆ ಎಂದು ತಿಳಿಯಲು ಬಣ್ಣವನ್ನೋ ಚುಕ್ಕೆಯನ್ನೋ ಸೇರಿಸಬೇಕು. ಚದುರಂಗವನ್ನು ಬರಹಕ್ಕೆ ಇಳಿಸುವ ಕಲೆ ಮಾತ್ರ ನಮಗೆ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಮುಳುಗಿದ್ದ ದೊರೆ. ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಕಾಲಿಡುವಂತೆ ಓಡಿಸುವ ತುರಗಗತಿಯ ಸಮಸ್ಯೆಗಳನ್ನು ಅವರು ಬಿಡಿಸಿದ್ದರು. ಅಂಥ ಬಿಡಿಕೆಯಲ್ಲಿ ಮನೆಗೊಂದು ಅಂಕಿ, ಒಂದರಿಂದ ಅರವತ್ನಾಲ್ಕು, ಓದುವವರ ಕಣ್ಣು ಅಂಕಿಯ ಹಿಂದೆ ಕುದುರೆಯಂತೆ ಜಿಗಿಯಬೇಕು. ಆ ಪರಂಪರೆಯ ಮಣೆಗಳನ್ನು ಮತ್ತೆ ಮಾಡಿಸಿ, ಪ್ರದರ್ಶಿಸಿ, ಆಡಿಸುವ ಕೆಲಸವನ್ನು ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಕ್ರೀಡಾ ಕೌಶಲ್ಯ ಎಂಬ ಹೆಸರಿನಲ್ಲಿ ಮಾಡುತ್ತ ಬಂದಿದೆ.

ಚೆನ್ನೆಮಣೆಗೆ ಈ ತೊಡಕು ಯಾವುದೂ ತಟ್ಟುವುದಿಲ್ಲ. ಕನ್ನಡದ ಅಂಕಿಗೆ ಒತ್ತಿಲ್ಲ, ಗುಣಿತವಿಲ್ಲ, ಒಂದು ಅಂಕಿಗೆ ಒಂದೇ ಸಂಕೇತ. ಪದಗಳನ್ನು ಚೂರು ಮಾಡುವ ಟರ್ಮಿನಲ್ ಕೂಡ ೦ರಿಂದ ೯ರವರೆಗಿನ ಅಂಕಿಯನ್ನು ನೆಟ್ಟಗೆ ತೋರಿಸುತ್ತದೆ. ಎರಡು ಎಚ್ಚರಿಕೆಗಳು ಸಾಕು. ಸಣ್ಣ ಅಕ್ಷರದಲ್ಲಿ ೬ ಮತ್ತು ೭ ಕಣ್ಣಿಗೆ ಒಂದೇ ಆಗಿಬಿಡುತ್ತವೆ, ಹಾಗಾಗಿ ಅಕ್ಷರದ ಗಾತ್ರ ದೊಡ್ಡದಿರಲಿ. ಇನ್ನೊಂದು, ಬೆರಳಚ್ಚಿಸುವಾಗ ಅನುಸ್ವಾರವನ್ನು ಸೊನ್ನೆಯಂತೆ, ಅರ್ಕಾವತ್ತನ್ನು ಒಂಬತ್ತರಂತೆ ಕಂಡು ತಪ್ಪು ಕೀಲಿ ಒತ್ತುವ ಹಳೆಯ ಅಭ್ಯಾಸ. ಯಂತ್ರಕ್ಕೆ ಅವು ಬೇರೆ ಬೇರೆ. ಗುಳಿಯಲ್ಲಿ ಒಂಬತ್ತು ದಾಟಿದಾಗ ಎರಡು ಅಂಕಿ ಬೇಕಾಗುವುದರಿಂದ ಪ್ರತಿ ಗುಳಿಗೂ ಮೊದಲೇ ಎರಡು ಚೌಕ ಬಿಟ್ಟಿಡುವುದು ಕ್ಷೇಮ. ಮೇಲಿನ ಆಟದಲ್ಲೇ ಎದುರಿನವರು ಐದನೆಯ ಗುಳಿಯನ್ನು ಎತ್ತಿದರೆ ಎರಡನೆಯ ನಡೆ ಮುಗಿಯುವಾಗ ನಮ್ಮ ಎರಡು ಗುಳಿಗಳಲ್ಲಿ ಹನ್ನೊಂದು ಹನ್ನೊಂದು ಕಾಳು ಸೇರಿರುತ್ತವೆ.

ಇಡೀ ಮಣೆ ನೂರು ಅಕ್ಷರದೊಳಗೆ ಮುಗಿಯುವುದರಿಂದ ಎಂಥ ಬಡಕಲು ಸಂಪರ್ಕದಲ್ಲೂ ಅದು ದಾಟುತ್ತದೆ. ಮಳೆಗಾಲದಲ್ಲಿ ಮೊಬೈಲಿನ ಸಿಗ್ನಲ್ಲು ಗುಡ್ಡ ಹತ್ತಿದ ಕಡೆ ಒಂದು ಗೀಟು ಸಿಗುವ ಮಲೆನಾಡಿನ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಬೇಗಾರಿನ ಜಗುಲಿಯಲ್ಲಿ ಕೂತವರೂ ದೂರದೂರಿನಲ್ಲಿ ಕೆಲಸದಲ್ಲಿರುವ ಅವರ ಮಗಳೂ ಒಂದೇ ಮಣೆಯಲ್ಲಿ ಆಡಬೇಕೆಂದರೆ ಅಕ್ಷರದ ಮಣೆಗಿಂತ ಹಗುರವಾದದ್ದು ಇನ್ನೊಂದಿಲ್ಲ. ಕಣ್ಣು ಕಾಣದವರಿಗೂ ಇದೇ ಹತ್ತಿರ. ಚಿತ್ರದ ಆಟಗಳ ಮುಂದೆ ಹಲವು ಸಲ ಬಾಯಿ ಕಟ್ಟಿದಂತಾಗುವ ಪರದೆ ಓದುವ ಪ್ರೋಗ್ರಾಂ ಇಲ್ಲಿ ಎರಡು, ಒಂದು, ಏಳು, ಏಳು ಎಂದು ಸಾಲನ್ನು ಕನ್ನಡದಲ್ಲೇ ಓದಿ ಹೇಳಬಲ್ಲದು. ಕೇಳಿ ನೆನಪಿಟ್ಟು ಮಣೆಯನ್ನು ತಲೆಯಲ್ಲೇ ಹೊತ್ತು ಆಡುವ ಶಕ್ತಿ ಎಲ್ಲಿಯವರೆಗೆ ಒಯ್ಯಬಲ್ಲದೆಂಬುದನ್ನು ಚದುರಂಗದಲ್ಲಿ ಹಲವು ಬಾರಿ ಅಂಧರ ರಾಷ್ಟ್ರೀಯ ಚಾಂಪಿಯನ್ ಆದ ಶಿವಮೊಗ್ಗದ ಕಿಶನ್ ಗಂಗೊಳ್ಳಿ ತೋರಿಸಿದ್ದಾರೆ.

ಪರದೆಯಲ್ಲಿ ಸಿಗದ್ದು

ಮರದ ಮಣೆಯಲ್ಲಿ ಗುಳಿಯಲ್ಲಿ ಎಷ್ಟಿದೆ ಎಂದು ಯಾರೂ ಬರೆದಿಟ್ಟಿರುವುದಿಲ್ಲ. ರಾಶಿಯನ್ನು ನೋಡಿ ಏಳೋ ಎಂಟೋ ಎಂದು ಅಂದಾಜು ಮಾಡಬೇಕು, ಆ ಕಣ್ಣಳತೆಯೇ ಅರ್ಧ ಆಟ. ಪರದೆ ಅದನ್ನು ಬಿಚ್ಚಿ ಹೇಳಿಬಿಡುತ್ತದೆ. ಇದನ್ನು ಸರಿಪಡಿಸಲು ಅಂಕಿಯ ಬದಲು ಚುಕ್ಕೆಗಳ ಗುಂಪನ್ನು ತೋರಿಸಬಹುದು. ಆದರೆ ಹಾಗೆ ಮಾಡಿದ ಕ್ಷಣ ಓದುವ ಪ್ರೋಗ್ರಾಂಗೆ ಅದು ಅರ್ಥವಾಗದ ಚುಕ್ಕೆಯ ಸಾಲಾಗುತ್ತದೆ. ಅಂಕಿಯನ್ನೇ ಇಟ್ಟುಕೊಳ್ಳುವುದು ಲೇಸು.

ದೊಡ್ಡ ನಷ್ಟ ಬೇರೆಯದು. ಸಾಮಾನ್ಯವಾಗಿ ಇಂಥ ಪ್ರೋಗ್ರಾಂಗಳು ನಡೆಯನ್ನು ಒತ್ತಿದ ಕೂಡಲೇ ಕೊನೆಯ ಸ್ಥಿತಿಯನ್ನು ಬರೆದು ನಿಲ್ಲುತ್ತವೆ. ನಡುವೆ ಆದದ್ದು ಕಾಣುವುದೇ ಇಲ್ಲ. ಚೆನ್ನೆಮಣೆಯಲ್ಲಿ ಆಟವಿರುವುದು ಆ ನಡುವಿನಲ್ಲಿ. ಕಾಳು ಟಪ್ ಟಪ್ ಎಂದು ಬೀಳುತ್ತಿರುವಾಗ ಎದುರು ಕೂತವರು ಉಸಿರು ಹಿಡಿದು ಮುಂದಿನ ಗುಳಿ ಬರಿದೋ ಅಲ್ಲವೋ ಎಂದು ನೋಡುತ್ತಾರೆ, ಪಕ್ಕದಲ್ಲಿ ಕೂತ ಮಗು ಎಣಿಕೆ ಕಲಿಯುತ್ತದೆ, ಕೈ ಎಲ್ಲಿ ನಿಲ್ಲುತ್ತದೆಂದು ಯಾರಿಗೂ ಖಚಿತವಿರುವುದಿಲ್ಲ. ಇದನ್ನು ಪರದೆಗೆ ತರಲು ಕಷ್ಟವೇನೂ ಇಲ್ಲ. ವಿಟಿ100 ಕಾಲದಿಂದಲೂ ಕರ್ಸರನ್ನು ಒಂದೊಂದೇ ಗುಳಿಗೆ ಒಯ್ದು ಅಲ್ಲಿನ ಅಂಕಿಯನ್ನು ಮಾತ್ರ ತಿದ್ದಲು ಬರುತ್ತದೆ. ಒಂದೊಂದು ಕಾಳಿನ ನಡುವೆ ಕಾಲು ಸೆಕೆಂಡು ತಡೆದರೆ ಮೇಲೆ ಹೇಳಿದ ಮೊದಲ ನಡೆಗೆ ಏಳು ಸೆಕೆಂಡು ಹಿಡಿಯುತ್ತದೆ. ಎದುರಿನವರು ಐದನೆಯ ಗುಳಿಯನ್ನು ಎತ್ತಿದರೆ 43 ಕಾಳು ಬೀಳುವವರೆಗೆ, ಹತ್ತಿರ ಹತ್ತಿರ ಹನ್ನೊಂದು ಸೆಕೆಂಡು, ಅಂಕಿಗಳು ಒಂದೊಂದಾಗಿ ಏರುತ್ತ, ಇದ್ದಕ್ಕಿದ್ದಂತೆ ಸೊನ್ನೆಗೆ ಇಳಿಯುತ್ತ ಮಣೆಯ ಸುತ್ತ ಓಡುತ್ತವೆ. ಕೊನೆಯ ಕಾಳು ಅವರ ಎಡತುದಿಯ ಗುಳಿಗೆ ಬಿದ್ದು ಅಲ್ಲಿ ೪ ಮೂಡುತ್ತದೆ, ಪಕ್ಕದ್ದು ೦, ಅದರಾಚೆ ೯.